ರಟ್ಟಿನ ಮೇಲೊಂದು ಎಂಜಿನ್

ನನ್ನ ಸೋದರಮಾವನನ್ನು ಗಾಡಿ ಇಟ್ಟವರೆಲ್ಲ ನಂಬರ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಣ್ಣೆ ಮೆತ್ತಿದ ಯಾವ ಬೋಲ್ಟನ್ನಾದರೂ ಅಂಗೈಗೆ ಹಾಕಿ, ಹೆಬ್ಬೆರಳಿನಿಂದ ಒಮ್ಮೆ ಸವರಿ "ಹದಿನಾಲ್ಕು" ಅನ್ನುವರು. ಹದಿನಾಲ್ಕರ ಸ್ಪ್ಯಾನರ್ ತಂದು ಹಾಕಿದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಅಷ್ಟಕ್ಕೇ ಬಿಡುವ ಪೈಕಿಯೂ ಅಲ್ಲ. "ವಾಟರ್ ಪಂಪಿನದು, ಬಲಗಡೆ ಮೇಲಿನದು. ಇದನ್ನ ಹೊರಗೆ ಬಿಟ್ಟು ಪಂಪ್ ಮುಚ್ಚಿದ ಪುಣ್ಯಾತ್ಮ ಯಾರು?" ಎಂದು ಸೇರಿಸುತ್ತಿದ್ದರು. ಪುಣ್ಯಾತ್ಮ ಅಲ್ಲೇ ಎಲ್ಲೋ ತಲೆ ತಗ್ಗಿಸಿಕೊಂಡು ನಿಂತಿರುತ್ತಿದ್ದ.

ನಾನು ಪಾರ್ಸೆಲ್ ಆಫೀಸಿನಲ್ಲಿ ಸಂಬಳಕ್ಕಿರುವವನು. ಬಂದ ಪೆಟ್ಟಿಗೆಗಳನ್ನು ಗಾತ್ರ ನೋಡಿ ವಿಂಗಡಿಸಿ ಜೋಡಿಸುವುದು ನನ್ನ ಕೆಲಸ. ಮೂರು ವರ್ಷದಲ್ಲಿ ಮ್ಯಾನೇಜರು ನನ್ನನ್ನು ಹೊಗಳಿದ್ದು ಒಂದೇ ಸಲ, ನಿನ್ನ ಮೂಲೆ ಚೊಕ್ಕಟವಾಗಿದೆ ಎಂದು. ಆ ಒಂದು ಮಾತನ್ನು ಉಪ್ಪಿನಕಾಯಿಯ ಹಾಗೆ ಇವತ್ತಿಗೂ ನೆಕ್ಕುತ್ತ ಬದುಕಿದ್ದೇನೆ. ಅದರಿಂದಲೇ ಆಮೇಲೆ ಆಗಬಾರದ್ದು ಆಯಿತು.

ಮಾವನಿಗೆ ಅರವತ್ತೆರಡಾದ ವರ್ಷ ಮರೆವು ಶುರುವಾಯಿತು. ಮೊದಲು ಕನ್ನಡಕ, ಬೀಗದ ಕೈ, ಹೀಗೆ ಎಲ್ಲರೂ ಮರೆಯುವಂಥವು. ಆಮೇಲೆ ಒಂದು ದಿನ ಮನೆಯ ತಿರುವಿನಲ್ಲಿ ನಿಂತು, ಎಡಕ್ಕೋ ಬಲಕ್ಕೋ ಎಂದು ತರಕಾರಿಯವಳನ್ನು ಕೇಳಿದರಂತೆ. ಅತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕಾಗದ ಕೊಟ್ಟು ಒಂದು ಗಡಿಯಾರ ಬರೆಯಿರಿ ಎಂದರು. ಮಾವ ಹನ್ನೆರಡು ಅಂಕಿಗಳನ್ನೂ ಒಂದೇ ಪಕ್ಕಕ್ಕೆ ತುಂಬಿಸಿ, ಉಳಿದ ಜಾಗವನ್ನು ನೋಡುತ್ತ ಕೂತರು. ಡಾಕ್ಟರು ಕೆಲಸ ನಿಲ್ಲಿಸುವುದು ಒಳ್ಳೆಯದು ಎಂದಾಗ ಅವರಿಗೆ ಸಿಟ್ಟು ಬಂತು.

"ಗಡಿಯಾರ ಬೇಕಾದ್ರೆ ಗಡಿಯಾರದವನನ್ನ ಕರೀರಿ ಡಾಕ್ಟ್ರೇ. ನನ್ನ ಕೇಳೋದಾದ್ರೆ ಎಂಜಿನ್ ಕೇಳಿ."

ಮನೆಗೆ ಬಂದು ಅತ್ತೆಗೆ ಇನ್ನೊಂದು ಮಾತು ಹೇಳಿದರು. ಅವರ ರಿಪೇರಿ ಶೆಡ್ಡಿನ ಹಿಂದೆ ಅವರದೇ ಹಳೆಯ ಪಿಕಪ್ ಗಾಡಿ ನಿಂತಿತ್ತು, ನನಗಿಂತ ಹದಿನೈದು ವರ್ಷ ದೊಡ್ಡದು. ಅದರ ಪೆಟ್ರೋಲ್ ಎಂಜಿನ್ ಜಾಮ್ ಆಗಿ ಎರಡು ವರ್ಷವಾಗಿತ್ತು. ಅದಕ್ಕೆ ಬೇರೆ ಎಂಜಿನ್ ಕೂರಿಸುತ್ತೇನೆ, ಯಾರನ್ನೂ ಕೇಳದೆ. ಸರಿಯಾಗಿ ಓಡಿದರೆ ಶೆಡ್ಡಿನ ಬಾಗಿಲು ತೆಗೆದಿರುತ್ತದೆ, ಇಲ್ಲದಿದ್ದರೆ ನಾನೇ ಬೀಗ ಹಾಕುತ್ತೇನೆ, ಎಂದು. ಮರೆವು, ಡಾಕ್ಟರು, ಈ ಮಾತು, ಎಲ್ಲ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಮಾವ ಕರೆದರು, ಭಾರ ಎತ್ತುವುದಕ್ಕೆ ಒಂದು ಜೊತೆ ಕೈ ಬೇಕೇನೋ ಎಂದುಕೊಂಡು ವಾರದ ರಜೆಗಳಲ್ಲಿ ಹೋಗತೊಡಗಿದೆ. ತಲೆ ಬೇಕಿದ್ದರೆ ನನ್ನನ್ನು ಯಾಕೆ ಕರೆಯುತ್ತಾರೆ?

ಗುಜರಿಯಿಂದ ಡೀಸೆಲ್ ಎಂಜಿನ್ ಬಂತು, ಪಲ್ಟಿಯಾದ ಒಂದು ವ್ಯಾನಿನದು. ಪಿಕಪ್ಪಿನ ಗೇರ್ ಬಾಕ್ಸಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಎರಡರ ನಡುವೆ ಕೂರಿಸಲು ಬೆರಳು ದಪ್ಪದ ಉಕ್ಕಿನ ತಟ್ಟೆಯೊಂದನ್ನು ಲೇತಿನವನಿಂದ ಕೊರೆಸಬೇಕಾಯಿತು. ಎಂಜಿನ್ ಕೂರುವ ಕಾಲುಗಳನ್ನು ಕತ್ತರಿಸಿ ನಾಲ್ಕು ಬೆರಳು ಹಿಂದಕ್ಕೆ ವೆಲ್ಡ್ ಮಾಡಿದರು. ರೇಡಿಯೇಟರ್ ಮುಂದಕ್ಕೆ ಹೋಯಿತು. ಮಾವ ಅಳತೆಯ ಟೇಪು ಮುಟ್ಟಲಿಲ್ಲ. ಗೇಣು ಹಾಕಿ, ದಾರ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಲ್ಲವೂ ಸರಿಯಾಗಿ ಬಂತು. ಕೈಗೆ ಮರೆವಿರಲಿಲ್ಲ.

ಬೋಲ್ಟುಗಳದೇ ಹೊಸ ರೀತಿ. ಗುಜರಿ ಎಂಜಿನ್ ಅಲ್ಲವೇ, ಒಳಗೆ ಹೇಗಿದೆಯೋ ಎಂದು ಮುಂಭಾಗವನ್ನೆಲ್ಲ ಬಿಚ್ಚಿದ್ದರು. ಅತ್ತೆ ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಒಂದೊಂದು ರಟ್ಟಿನ ಮೇಲೂ ಎಂಜಿನ್ನಿನ ಒಂದೊಂದು ಭಾಗದ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ತೂತು ಮಾಡಿ ಚುಚ್ಚಿಡುತ್ತಿದ್ದರು. ಗೋಡೆಗೆ ಒರಗಿಸಿದ ಏಳು ರಟ್ಟುಗಳಲ್ಲಿ ಇಡೀ ಎಂಜಿನ್ ನಿಂತಿತ್ತು.

"ಏನ್ಮಾವ, ಕಸೂತಿ ಶುರು ಮಾಡ್ಕೊಂಡಿದ್ದೀರಾ?" ಎಂದೆ.

"ವಯಸ್ಸಾದ ಮೇಲೆ ಮನುಷ್ಯ ಅಚ್ಚುಕಟ್ಟಾಗ್ತಾನೆ ಕಣೋ. ನಿನಗಿನ್ನೂ ವಯಸ್ಸಾಗಿಲ್ಲ ಬಿಡು."

ನಗಲಿಲ್ಲ ಅವರು. ನಾನೇ ನಕ್ಕೆ.

ಆರನೆಯ ವಾರ ಮಾವ ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು ಗಿಡ್ಡ ಮಾಡಿಸಲು ಲೇತಿಗೆ ಹೋದರು. ಮೂರು ಗಂಟೆ ನಾನೊಬ್ಬನೇ. ಶೆಡ್ಡಿನ ನೆಲವೆಲ್ಲ ಎಣ್ಣೆ, ಗೋಡೆಗೆಲ್ಲ ಎಣ್ಣೆ ಕುಡಿದ ರಟ್ಟು. ನನ್ನೊಳಗಿನ ಗೋಡೌನ್ ವೀರ ಎದ್ದು ಕೂತ. ಬೋಲ್ಟುಗಳನ್ನೆಲ್ಲ ಕಿತ್ತು ಸೀಮೆಎಣ್ಣೆಯಲ್ಲಿ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ. ಹತ್ತರವು ಒಂದು ಬಾಟಲಿ, ಹನ್ನೆರಡರವು ಒಂದು, ಹದಿನಾಲ್ಕರವು ಒಂದು. ಚೀಟಿ ಅಂಟಿಸಿ ನಂಬರ್ ಬರೆದೆ. ರಟ್ಟುಗಳನ್ನು ಹರಿದು ಎಣ್ಣೆ ಚೆಲ್ಲಿದ ಕಡೆ ಹಾಸಿದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅನ್ನುತ್ತಾರಲ್ಲ, ಹಾಗೆ. ಮಾಡಿ, ಎದೆ ಸೆಟೆದು ನಿಂತೆ.

ಮಾವ ಬಂದರು. ಗೋಡೆ ನೋಡಿದರು. ಬಾಟಲಿಗಳನ್ನು ನೋಡಿದರು. ಶಾಫ್ಟನ್ನು ನೆಲಕ್ಕಿಟ್ಟರು.

"ಚೆನ್ನಾಗಿದೆ," ಎಂದರು ಕೊನೆಗೆ.

ಹನ್ನೆರಡರ ಬಾಟಲಿಯಿಂದ ಒಂದು ಬೋಲ್ಟ್ ತೆಗೆದರು. ಹೆಬ್ಬೆರಳು ಸವರಿತು. "ಹನ್ನೆರಡು." ಇನ್ನೊಂದು ತೆಗೆದರು. "ಹನ್ನೆರಡು." ಅದು ಮೊದಲಿನದಕ್ಕಿಂತ ಅರ್ಧ ಬೆರಳು ಉದ್ದವಿತ್ತು. ಅವೆರಡನ್ನೂ ಪಕ್ಕಪಕ್ಕ ಹಿಡಿದು, ಹಿಂದಿರುಗಿ ಎಂಜಿನ್ ನೋಡಿ, ಮತ್ತೆ ಕೈ ನೋಡಿಕೊಂಡರು.

"ನಂಬರ್ ಗೊತ್ತು ಕಣೋ," ಎಂದರು. "ಇದರ ಮನೆ ಯಾವುದು ಅಂತ ಗೊತ್ತಾಗ್ತಿಲ್ಲ."

ಚಹಾ ತಂದ ಅತ್ತೆ ಬಾಗಿಲಲ್ಲೇ ನಿಂತರು. "ರಟ್ಟೆಲ್ಲಿ?" ಎಂದು ನನ್ನನ್ನು ಕೇಳಿದರು. ನಾನು ಕಾಲ ಕೆಳಗೆ ತೋರಿಸಿದೆ. ಹೊರಗೆ ಕರೆದು, ಡಾಕ್ಟರು, ಗಡಿಯಾರ, ಬೀಗದ ಮಾತು ಎಲ್ಲ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. "ನಿನಗೇನಪ್ಪಾ ಗೊತ್ತು, ಒಳ್ಳೇದಕ್ಕೇ ಮಾಡಿದೆ," ಎಂದುಬಿಟ್ಟರು. ಅದಕ್ಕಿಂತ ಬೈಗುಳವಿಲ್ಲ.

ದೊಡ್ಡ ರಸ್ತೆಯಲ್ಲಿ ಸ್ವಂತ ಗ್ಯಾರೇಜ್ ಇಟ್ಟಿರುವ ಮಾವನ ಶಿಷ್ಯನನ್ನು ಕರೆಯುತ್ತೇನೆ ಎಂದೆ. ಮಾವ ಕೇಳಲಿಲ್ಲ. "ಒಂದು ತಂತಿ ತಗೋ. ತೂತಿನ ಆಳ ನೋಡು. ಅದಕ್ಕೆ ತಕ್ಕ ಬೋಲ್ಟ್ ಹುಡುಕು. ಕೆಲಸ ಕಲಿಯೋವಾಗ ಹಾಗೇ ಮಾಡಿದ್ದು." ಎರಡು ರಜೆಗಳು ಹಾಗೆ ಹೋದವು. ನಾನು ತಂತಿ ಇಳಿಸಿ ಅಳೆಯುವುದು, ಬೋಲ್ಟ್ ಆರಿಸುವುದು, ಮಾವ ಬಿಗಿಯುವುದು. ಪ್ರತಿ ಬೋಲ್ಟಿಗೂ ನನ್ನನ್ನೇ ಶಪಿಸಿಕೊಂಡೆ. ಒಟ್ಟು ಎಂಬತ್ತಾರು ಬೋಲ್ಟುಗಳಿದ್ದವು, ಹಾಗಾಗಿ ಶಾಪಕ್ಕೇನೂ ಕೊರತೆಯಾಗಲಿಲ್ಲ.

ವಾಟರ್ ಪಂಪಿಗೆ ಬಂದಾಗ ಒಂದು ವಿಚಿತ್ರವಾಯಿತು. ನಾನು ತಂತಿ ಇಳಿಸುವ ಮೊದಲೇ ಮಾವ ಬಾಟಲಿಗೆ ಕೈ ಹಾಕಿ ಒಂದು ಬೋಲ್ಟ್ ಹಿಡಿದರು. ಸವರಿದರು. ಅವರ ಮುಖ ಬೆಳಗಿತು.

"ಇದು ಇದರದೇ! ಎಡಗಡೆ, ಕೆಳಗಿನಿಂದ ಎರಡನೇದು. ನೆನಪಾಯ್ತು ಕಣೋ."

"ಅಳೆದು ನೋಡ್ಲಾ ಮಾವ?"

"ನೆನಪಾಯ್ತು ಅಂತಿದ್ದೀನಲ್ಲ."

ಎಂಟು ವಾರಗಳಲ್ಲಿ ಅವರ ಮುಖದಲ್ಲಿ ಆ ಕಳೆ ನೋಡಿರಲಿಲ್ಲ. ತಂತಿ ನನ್ನ ಕೈಯಲ್ಲೇ ಇತ್ತು. ಇಳಿಸಲಿಲ್ಲ. ಮಾವ ಬಿಗಿದರು, ಇನ್ನೂ ಕಾಲು ಸುತ್ತು ಬಿಗಿದರು. ಒಳಗೆಲ್ಲೋ ಟಕ್ ಎಂದಿತು. ಬೋಲ್ಟ್ ಕೂತ ಸದ್ದು ಎಂದು ನಾನು ನಂಬಿದೆ. ನಂಬುವುದು ಬೇಕಾಗಿತ್ತು ನನಗೆ.

ಮರುವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು, "ಮೇಸ್ತ್ರಿ, ಮುದುಕಿಗೆ ಹೊಸ ಗುಂಡಿಗೆ ಹಾಕಿದ್ರಲ್ಲ," ಎಂದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಮಾವನನ್ನು ಕೂರಿಸಿಕೊಂಡು ರಸ್ತೆಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಮಾವ ಇಳಿದವರೇ ನೆಲಕ್ಕೆ ಬಗ್ಗಿದರು. ಪಂಪಿನ ಕೆಳಗೆ ಹನಿ. ಒಂದು, ಆಮೇಲೆ ಇನ್ನೊಂದು, ಆಮೇಲೆ ಸಾಲಾಗಿ.

ಎಡಗಡೆ, ಕೆಳಗಿನಿಂದ ಎರಡನೆಯದು. ಗಿಡ್ಡ ತೂತಿಗೆ ಉದ್ದದ ಬೋಲ್ಟ್ ಹೋಗಿ, ತಳಕ್ಕೆ ಒತ್ತಿ, ಎಂಜಿನ್ನಿನ ಬೀಡುಕಬ್ಬಿಣದ ಮೈಗೇ ಕೂದಲಿನಂಥ ಬಿರುಕು ಬಿಟ್ಟಿತ್ತು.

"ಹನಿ ತಾನೇ ಮಾವ. ಸ್ಟಾರ್ಟ್ ಆಯ್ತಲ್ಲ, ಓಡ್ತಲ್ಲ. ಗೆದ್ರಿ ನೀವು," ಎಂದೆ.

"ಸರಿಯಾಗಿ ಓಡಿದ್ರೆ ಅಂದಿದ್ದೆ."

"ತಪ್ಪು ನನ್ನದು. ರಟ್ಟು ಹರಿದಿದ್ದು ನಾನು. ಅದೊಂದು ಇದ್ದಿದ್ರೆ..."

ಮಾವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. ಕರುಣೆಯಿಂದ ನೋಡಿದರು, ಅದನ್ನು ತಡೆಯುವುದು ಕಷ್ಟವಾಯಿತು.

"ರಟ್ಟು ಇದ್ದಿದ್ರೆ ರಟ್ಟು ಗೆದ್ದಿರೋದು ಕಣೋ, ನಾನಲ್ಲ. ಮರೆತಿದ್ರೆ ಚಿಂತೆ ಇರ್ಲಿಲ್ಲ, ಮರೆತವನು ಅಳೆದು ನೋಡ್ತಾನೆ. ನನಗೆ ನೆನಪಾಯ್ತು. ಇಲ್ದೇ ಇರೋದು ನೆನಪಾಯ್ತು. ನಾಳೆ ಯಾರದೋ ಬ್ರೇಕ್ ಬಿಚ್ತೀನಿ, ಹೀಗೇ ನೆನಪಾದ್ರೆ? ಅವನ ಮಕ್ಕಳು ಹಿಂದಿನ ಸೀಟಲ್ಲಿ ಕೂತಿರ್ತಾವೆ."

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಮಾವ ಕೈ ಎತ್ತಿದರು. "ದೊಡ್ಡ ರಸ್ತೆಯವನನ್ನ ಕರಿ," ಎಂದರು ನನಗೆ.

ಶಿಷ್ಯ ಬಂದ. ಐವತ್ತರ ಹತ್ತಿರದ ದಪ್ಪ ಆಳು, ಆದರೂ ಮಾವನ ಮುಂದೆ ಚಪ್ಪಲಿ ಬಿಟ್ಟೇ ನಿಂತ. ಮಾವ ಅವನಿಗೆ ಶೆಡ್ಡಿನ ಸಾಮಾನುಗಳನ್ನು ಒಂದೊಂದಾಗಿ ತೋರಿಸಿ ಒಪ್ಪಿಸಿದರು. ಎಂಜಿನ್ ಎತ್ತುವ ಚೈನ್ ಬ್ಲಾಕಿನ ಕೊಕ್ಕೆ ಸವೆದಿದೆ, ಬದಲಾಯಿಸು. ವೆಲ್ಡಿಂಗ್ ಮೆಷಿನ್ ಮಳೆಗಾಲದಲ್ಲಿ ಶಾಕ್ ಹೊಡೆಯುತ್ತದೆ, ಹಲಗೆಯ ಮೇಲೆ ನಿಲ್ಲು. ಎರಡು ಸಲ ಅದೇ ಕೊಕ್ಕೆಯನ್ನು ತೋರಿಸಿದರು. ಶಿಷ್ಯ ಎರಡು ಸಲವೂ ಮೊದಲ ಬಾರಿ ಕೇಳುವವನಂತೆ, "ಆಯ್ತು ಮೇಸ್ತ್ರಿ," ಎಂದ.

ಕೊನೆಗೆ ಪಿಕಪ್ಪಿನ ಹತ್ತಿರ ಬಂದರು. ಬಿರುಕಿನ ಮೇಲೆ ಬೆರಳಿಟ್ಟರು.

"ಇದನ್ನ ಒಡೆದಿದ್ದು ನಾನು. ಬರ್ಕೋ."

"ಬಿಡಿ ಮೇಸ್ತ್ರಿ, ನಾನು ಮುಚ್ಚಿಕೊಡ್ತೀನಿ. ಯಾರಿಗೂ ಕಾಣಲ್ಲ."

"ಬರ್ಕೋ ಅಂದೆ. ಮುಂದಿನ ವರ್ಷ ನಾನೇ ಬಂದು ಇದನ್ನ ನೋಡಿ, ಯಾವ ಪುಣ್ಯಾತ್ಮ ಮಾಡಿದ್ದು ಅಂತ ನಿನ್ನನ್ನೇ ಬೈದ್ರೂ ಬೈದೆ. ಆಗ ತೋರಿಸೋಕೆ ಬೇಕಲ್ಲ."

ಶಿಷ್ಯ ಗೋಡೆಯ ಕಡೆ ತಿರುಗಿ ನಿಂತ. ಅವನ ಕೈಲಾಗಲಿಲ್ಲ. ಆಮೇಲೆ ನಾನೇ ಜೇಬಿನಿಂದ ಪೆನ್ನು ತೆಗೆದು, ಒಂದು ಚೀಟಿಯಲ್ಲಿ ಮಾವ ಹೇಳಿದ ಹಾಗೆ ಬರೆದೆ. ಕೆಳಗೆ ನನ್ನ ಹೆಸರನ್ನೂ ಸೇರಿಸಲು ಹೊರಟಾಗ ಅವರು ಚೀಟಿ ಎಳೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಓದಿ, ತಲೆಯಾಡಿಸಿ, ಶಿಷ್ಯನ ಅಂಗಿಯ ಜೇಬಿಗೆ ತಾವೇ ಇಟ್ಟರು.