ತಿರುಳು ಹೇಳಿದ ಮೇಲೆ ಗಾಡಿ ಇಳಿಸುವುದು

೧೯೬೯ರ ಜುಲೈ ೧೯ರಂದು ದೇಶದ ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸರ್ಕಾರದ ವಶಕ್ಕೆ ಬಂದವು. ಹಾಸನದ ನಮ್ಮ ಸಣ್ಣ ಪತ್ರಿಕೆಯ ಕಚೇರಿಯಲ್ಲಿ ನಾವು ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಬರೆದುಕೊಂಡೆವು. ಹೆಚ್ಚಿನ ವಿವರ ಬೇಕಿದ್ದರೆ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳು ಬಸ್ಸಿನಲ್ಲಿ ಬರುವ ತನಕ ಕಾಯಬೇಕು. ಬಂದವು. ಅದರಲ್ಲೊಂದು ವಾಣಿಜ್ಯ ಲೇಖನವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಿತ್ತು. ಮೂರನೆಯ ಪ್ಯಾರಾದಲ್ಲಿ ಪೆನ್ನು ನಿಂತಿತು. ಅಲ್ಲಿ 'ಟರ್ನ್‌ಡ್ ದಿ ಕಾರ್ನರ್' ಎಂಬ ಮಾತು ಇತ್ತು. ಅಚ್ಚಿನ ಮೊಳೆ ಜೋಡಿಸುವವರು ಎರಡು ಸಲ ಬಂದು ಇಣುಕಿ ಹೋದರು.

ಅದರ ಅರ್ಥ ನನಗೆ ತಿಳಿಯಲಿಲ್ಲವೆಂದು ನೀವು ಭಾವಿಸಬಾರದು. ಕಷ್ಟದ ದಿನ ಕಳೆಯಿತು, ಇನ್ನು ಸುಧಾರಿಸುತ್ತದೆ ಎಂದಷ್ಟೇ. ಅಷ್ಟು ಬರೆದು ಮುಂದೆ ಹೋಗಬಹುದಿತ್ತು. ಆದರೆ ಈ ಮಾತನ್ನು ನಾನು ಹನ್ನೊಂದು ವರ್ಷದ ಹಿಂದೆ ಒಂದು ಸಭೆಯಲ್ಲಿ ಕೇಳಿದ್ದೆ. ಅಂದು ಹೊರಗೆ ಗಾಡಿಗಳು ನಿಂತಿದ್ದವು. ಆ ಮಾತನ್ನು ಕನ್ನಡದಲ್ಲಿ ಹೇಳಬೇಕಾಗಿದ್ದವರು ನನ್ನ ಸೋದರಮಾವ.

ಮಾವ ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರೈಲಿನಲ್ಲಿ ಹಾಸನಕ್ಕೆ ಬಂದು ನಮ್ಮ ಮನೆಯಲ್ಲಿ ತಂಗುತ್ತಿದ್ದರು. ಸಂಜೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯ ಮೇಲೆ ವ್ಯಾಪಾರದ ಇಂಗ್ಲಿಷ್ ಕಲಿಸುತ್ತಿದ್ದರು. ಕೆಳಗೆ ಟೈಪ್‌ರೈಟರುಗಳ ಸದ್ದು, ಮೇಲೆ ಮಾವನ ದನಿ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದಲೂ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಗುಮಾಸ್ತಿಕೆಯ ಪರೀಕ್ಷೆಗೆ ಇಂಗ್ಲಿಷ್ ಪತ್ರ ಬರೆಯಲು ಬರಬೇಕು. ಪತ್ರ ಬರೆಯಲು ಆ ಭಾಷೆಯ ನುಡಿಗಟ್ಟು ಬರಬೇಕು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ್ದು ಅದರಿಂದಲೇ ಎಂದು ನಮ್ಮ ತಾಯಿ ನಂಬಿದ್ದರು. ಇನ್ನಾರೂ ಆ ಸಂಬಳಕ್ಕೆ ಒಪ್ಪಲಿಲ್ಲ ಎಂಬುದು ನಿಜವಾದ ಕಾರಣ.

ಮಾವನ ಪಾಠಕ್ಕೆ ಒಂದೇ ಕಟ್ಟಳೆ. ಇಂಗ್ಲಿಷ್ ಮಾತಿಗೆ ಕನ್ನಡ ಮಾತನ್ನು ಜೋಡಿಸಿ ತರಬಾರದು. "ಪದ ಬಿಡ್ರಯ್ಯ. ಆ ಮಾತು ಕೇಳಿದೋನು ಎದ್ದು ಏನು ಮಾಡ್ತಾನೆ, ಅದು ಹೇಳಿ," ಎನ್ನುತ್ತಿದ್ದರು. ಒಂದು ಸಂಜೆ ಬೋರ್ಡಿನ ಮೇಲೆ 'ಟೈಟನ್ ದಿ ಬೆಲ್ಟ್' ಎಂದು ಬರೆದರು. ಅರಕಲಗೂಡಿನ ಕಡೆಯ ರಂಗಸ್ವಾಮಿ ಎಂಬ ಹುಡುಗ ಎದ್ದು ನಿಂತ.

"ನಮ್ಮೂರಾಗೆ ಬೆಲ್ಟು ಕಟ್ಟೋರು ಪೊಲೀಸ್ನೋರು ಮಾತ್ರ ಸಾ. ಅವ್ರು ಬಿಗಿ ಮಾಡುದ್ರೆ ನಾವು ಓಡೋಗ್ತೀವಿ."

ಕ್ಲಾಸು ನಕ್ಕಿತು. ಮಾವನೂ ನಕ್ಕರು. "ಓಡಿ ಮನೆಗೆ ಹೋದ ಮೇಲೆ?"

"ಎಂಡ್ತಿಗೆ ಯೋಳ್ತೀವಿ ಸಾ, ನಾಳೆಯಿಂದ ಕಾಪಿ ಒಂದೇ ಒತ್ತು ಅಂತ."

"ಅದೇ ಕಣಯ್ಯ ಅದರ ಅರ್ಥ. ಕೂತ್ಕೋ."

ರಂಗಸ್ವಾಮಿ ಆ ತಂಡದಲ್ಲಿ ಎಲ್ಲರಿಗಿಂತ ಚುರುಕು. ಪರೀಕ್ಷೆ ಪಾಸು ಮಾಡಿದ. ಹಾಸನದಲ್ಲಿದ್ದ ಆಲೂಗೆಡ್ಡೆ ಬೆಳೆಗಾರರ ಸಂಘಕ್ಕೆ ಕಾರ್ಯದರ್ಶಿಯಾದ. ಅವನ ಹೆಸರನ್ನು ಮಾವ ನಮ್ಮ ಮನೆಯ ಊಟದ ಹೊತ್ತಿನಲ್ಲಿ, ಸಾರು ಬಡಿಸುವಾಗ ಮತ್ತು ಮಜ್ಜಿಗೆ ಬಡಿಸುವಾಗ, ಎರಡೆರಡು ಸಲ ಹೇಳುತ್ತಿದ್ದರು. ನನ್ನ ಹೆಸರು ಅಷ್ಟು ಸಲ ಬಂದದ್ದು ನೆನಪಿಲ್ಲ.

ಆ ಸಂಘದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮ ಸೀಮೆಯಲ್ಲಿ ಆಲೂಗೆಡ್ಡೆ ಮುಂಗಾರಿಗೆ ಬಿತ್ತಿ ಗೌರಿ ಹಬ್ಬದ ಆಸುಪಾಸಿಗೆ ಕೀಳುವ ಬೆಳೆ. ಕಿತ್ತ ಮೇಲೆ ಬಹಳ ದಿನ ಇಡುವಂತಿಲ್ಲ. ಮಂಡಿಗೆ ಹಾಕಿದರೆ ಅಲ್ಲಿನ ಸಾಹುಕಾರ ಹೇಳಿದ್ದೇ ದರ, ಆದರೆ ಹಣ ಅಂದೇ ಕೈಗೆ. ಸಂಘಕ್ಕೆ ಹಾಕಿದರೆ ಅದು ಮಾಲನ್ನು ಒಟ್ಟಾಗಿ ಬೊಂಬಾಯಿಗೆ ಕಳಿಸುತ್ತದೆ, ದರ ಹೆಚ್ಚು, ಹಣ ತಡ. ಸಂಘದ ವಾರ್ಷಿಕ ಸಭೆ ಗೋದಾಮು ತೆರೆಯುವ ದಿನವೇ ನಡೆಯುತ್ತಿತ್ತು. ಸದಸ್ಯರು ಗಾಡಿಯಲ್ಲಿ ಮೂಟೆ ಹೇರಿಕೊಂಡೇ ಬರುತ್ತಿದ್ದರು. ಸರ್ಕಾರಕ್ಕೂ ಹೋಗುವ ಕಾಗದವೆಂದು ವರದಿ ಇಂಗ್ಲಿಷಿನಲ್ಲಿರುತ್ತಿತ್ತು. ಕಾರ್ಯದರ್ಶಿ ಅದನ್ನು ಓದಿದ ಮೇಲೆ ಮಾವ ಎದ್ದು ತಿರುಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಮೇಲೆ ತಕ್ಕಡಿಗೆ ಪೂಜೆ, ಆಮೇಲೆ ಗಾಡಿ ಇಳಿಸುವುದು. ತಿರುಳು ಹೇಳುವ ಮುಂಚೆ ಯಾರೂ ಒಂದು ಮೂಟೆಯ ಹಗ್ಗವನ್ನೂ ಬಿಚ್ಚುತ್ತಿರಲಿಲ್ಲ. ಯಾರು ಮಾಡಿದ ನಿಯಮವೋ ಯಾರಿಗೂ ತಿಳಿಯದು. ಬೈಲಾದಲ್ಲಂತೂ ಇರಲಿಲ್ಲ.

೧೯೫೮ರ ಸಭೆಗೆ ನಾನು ಪತ್ರಿಕೆಯ ಪರವಾಗಿ ಹೋಗಿದ್ದೆ. ಬಾಗಿಲಲ್ಲೇ ಮಾವ ರಂಗಸ್ವಾಮಿಯನ್ನು ನಿಲ್ಲಿಸಿಕೊಂಡು ಮಾತನಾಡುತ್ತಿದ್ದರು.

"ಹೋದ ವರ್ಷದ ಮಾಲಿನ ಹಣ ಬೊಂಬಾಯಿಂದ ಬಂತೇನಯ್ಯ?"

"ಬತ್ತದೆ ಸಾ."

"ಬರುತ್ತೆ ಅನ್ನೋದು ಬೇರೆ. ಬಂತಾ?"

ರಂಗಸ್ವಾಮಿ ಅಂಗಿಯ ತೋಳು ಸರಿಮಾಡಿಕೊಂಡ. "ಈ ವರ್ಸದ ಮಾಲು ಕಳ್ಸುದ್ರೆ ಅದೂ ಬತ್ತದೆ ಅಂತ ಯೋಳವ್ರೆ ಸಾ. ಮಾಲು ನಿಂತೋದ್ರೆ ಅವ್ರೂ ಕೈಬುಡ್ತಾರೆ. ಇದೊಂದು ವರ್ಸ ತಳ್ಳುದ್ರೆ ಸಂಗ ಉಳೀತದೆ."

"ಸದಸ್ಯರಿಗೆ ಇದು ಗೊತ್ತೇ?"

"ವರದೀಲಿ ಬರ್ದಿವ್ನಿ ಸಾ. ನೀವೇ ತಿರುಳು ಯೋಳ್ತೀರಲ್ಲ."

ಸಭೆ ತುಂಬಿತ್ತು. ಜಮಖಾನದ ಮೇಲೆ ಅಧ್ಯಕ್ಷರು, ಅವರ ಪಕ್ಕಕ್ಕೆ ದೊಡ್ಡ ಹಿಡುವಳಿಯವರು. ಜಗುಲಿಯ ಕಂಬದ ಬಳಿ ದುದ್ದದ ಕಡೆಯ ಸಣ್ಣಮ್ಮ ನಿಂತಿದ್ದರು. ಅವರೂ ಸದಸ್ಯೆಯೇ. ಜಮಖಾನದ ಮೇಲೆ ಜಾಗವಿತ್ತು. ಕೂರಿ ಎಂದು ಯಾರೂ ಅನ್ನಲಿಲ್ಲ, ಅವರೂ ಕೂರಲಿಲ್ಲ. ಅವರ ಕೇರಿಯ ಕೆಲವು ಮನೆಗಳಿಗೆ ದರಖಾಸ್ತಿನಲ್ಲಿ ಸರ್ಕಾರ ಜಮೀನು ಕೊಟ್ಟಿತ್ತು. ಆಕೆಗೆ ಸಿಕ್ಕಿದ್ದು ಕಲ್ಲು ತುಂಬಿದ ಒಂದು ತುಂಡು. ಗಂಡ ಇರಲಿಲ್ಲ. ಮಗಳೂ ತಾವೂ ಕಲ್ಲು ಆಯ್ದು ಆ ವರ್ಷ ಮೊದಲ ಬೆಳೆ ತೆಗೆದಿದ್ದರು. ಅದಷ್ಟೂ ಹೊರಗೆ ಬಾಡಿಗೆ ಗಾಡಿಯ ಮೇಲಿತ್ತು. ಜಮೀನು ಸಾಗು ಮಾಡದೆ ಬಿಟ್ಟರೆ ಸರ್ಕಾರ ವಾಪಸು ಪಡೆಯಬಹುದೆಂದು ಊರಿನಲ್ಲಿ ಕೆಲವರು ಆಕೆಯ ಕಿವಿಗೆ ಬೀಳುವಂತೆ ಆಡುತ್ತಿದ್ದರಂತೆ. ಈ ಬೆಳೆಯಲ್ಲಿ ಬಂದುದರಿಂದಲೇ ಮುಂದಿನ ಬಿತ್ತನೆ ಆಗಬೇಕು. ಇದನ್ನೆಲ್ಲ ಆಕೆಯೇ ಬಾಗಿಲಲ್ಲಿ ನನಗೆ ಹೇಳಿದ್ದರು. ಪತ್ರಿಕೆಯವನು ಎಂದರೆ ಸರ್ಕಾರದವನು ಎಂದು ತಿಳಿದಿದ್ದರು.

ರಂಗಸ್ವಾಮಿ ವರದಿ ಓದಿದ. ಓದು ಚೆನ್ನಾಗಿತ್ತು. ಉಚ್ಚಾರಣೆ ಮಾವನದೇ. ಸಂಘ ಕಳೆದ ವರ್ಷ 'ಹೆಡ್ ಅಬೌವ್ ವಾಟರ್' ಆಗಿತ್ತು, ಎಂದರೆ ಮುಳುಗದೆ ಉಳಿದಿತ್ತು. ಸದಸ್ಯರ ವಿಶ್ವಾಸದಿಂದ 'ಟೈಡ್ ಓವರ್' ಮಾಡಿತು, ಕಷ್ಟ ದಾಟಿತು. ಈಗ 'ಟರ್ನ್‌ಡ್ ದಿ ಕಾರ್ನರ್'. ನಾನು ಬರೆದುಕೊಳ್ಳುವುದನ್ನು ಬಿಟ್ಟು ಮಾವನ ಕಡೆ ನೋಡಿದೆ. ಆ ಮಾತುಗಳೆಲ್ಲ ಮಹಡಿಯ ಮೇಲಿನ ಆ ಬೋರ್ಡಿನ ಮೇಲೆ ಇದ್ದವು. ಅದೇ ಕ್ರಮದಲ್ಲಿ ಇದ್ದವು ಎಂದು ನನ್ನ ನೆನಪು. ಬೊಂಬಾಯಿಯ ಹೆಸರು ವರದಿಯಲ್ಲಿ ಎಲ್ಲಿಯೂ ಬರಲಿಲ್ಲ. ಸುಳ್ಳು ಎನ್ನಬಹುದಾದ ಒಂದು ವಾಕ್ಯವೂ ಇರಲಿಲ್ಲ. ಓದಿ ಮುಗಿದಾಗ ಚಪ್ಪಾಳೆ ಬಿತ್ತು.

"ಇಂಗ್ಲೀಸ್ನಾಗೆ ಒಳ್ಳೆ ಓರಿ ಓಡ್ದಂಗೆ ಓಡ್ತಾನೆ ಕಣ್ಲಾ ಇವ್ನು," ಎಂದು ಹಿಂದಿನಿಂದ ಒಬ್ಬರೆಂದರು.

"ಉಳೋಕೆ ಕಟ್ಟುದ್ರೆ ಗೊತ್ತಾಯ್ತದೆ ಬುಡು," ಎಂದರು ಇನ್ನೊಬ್ಬರು.

ಅಧ್ಯಕ್ಷರು ಮಾವನಿಗೆ ಕೈಸನ್ನೆ ಮಾಡಿದರು. ಮಾವ ಎದ್ದರು. ಪ್ರತಿ ವರ್ಷ ಎದ್ದೊಡನೆ ಮಾತು ಶುರುವಾಗುತ್ತಿತ್ತು. ಅಂದು ಮೇಲುವಸ್ತ್ರ ಸರಿಮಾಡಿಕೊಂಡರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅಧ್ಯಕ್ಷರು ಬಗ್ಗಿ, "ಎರಡು ಮಾತು ಸಾಕು ಮೇಷ್ಟ್ರೇ, ಎಲ್ಲಾ ಚೆನ್ನಾಗಿದೆ ಅನ್ನಿ," ಎಂದರು. ಆ ಪಿಸುಮಾತು ನನಗೂ ಕೇಳಿಸಿತು.

ಕಂಬದ ಬಳಿಯಿಂದ ಸಣ್ಣಮ್ಮ ಕೇಳಿದರು. "ಮೇಷ್ಟ್ರೇ, ಎತ್ತು ನಿಂತವೆ. ಗಾಡಿ ಇಳುಸ್ಲಾ, ಬ್ಯಾಡ್ವಾ? ಅದೊಂದು ಯೋಳ್ಬುಡಿ."

ಮಾವ ಆಕೆಯ ಕಡೆ ತಿರುಗಿದರು. "ಹೋದ ವರ್ಷದ ಹಣ ಇನ್ನೂ ಬಂದಿಲ್ಲ ತಾಯಿ. ಈ ವರ್ಷದ ಮಾಲು ಕಳಿಸಿದರೆ ಬರಬಹುದು. ಬರದೇನೂ ಇರಬಹುದು. ತಡೆದುಕೊಳ್ಳೋ ಶಕ್ತಿ ಇದ್ದೋರು ಇಳಿಸಿ. ನೀವು ಇಳಿಸಬೇಡಿ."

ಸಭೆಯೆಲ್ಲ ಎದ್ದಿತು. ತಡೆದುಕೊಳ್ಳುವ ಶಕ್ತಿಯಿದ್ದವರು ಮೊದಲು ಎದ್ದರು ಎಂಬುದನ್ನು ನಾನು ಅಂದೇ ಬರೆದುಕೊಂಡಿದ್ದೇನೆ. ಹೊರಗೆ ಗಾಡಿಗಳನ್ನು ತಿರುಗಿಸುವ ಗದ್ದಲ. ರಂಗಸ್ವಾಮಿ ವರದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮಾವನ ಎದುರಿಗೆ ಬಂದ.

"ನೀವು ಯೋಳ್ಕೊಟ್ಟ ಮಾತೇ ಅಲ್ವಾ ಸಾ ಅವು?"

"ಹೌದಪ್ಪ. ಅದಕ್ಕೇ ನಾನು ಹೇಳಬೇಕಾಯ್ತು."

"ಒಂದು ವರ್ಸ ಸಾ. ಒಂದು ವರ್ಸ ತಳ್ಬೇಕಾಗಿತ್ತು, ಅಷ್ಟೆಯ."

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಎಂದೋ ಬರೆದಿರುತ್ತಿದ್ದೆ. ಅಷ್ಟೂ ಗಾಡಿಗಳು ಒಂದೇ ಮಧ್ಯಾಹ್ನ ಮಂಡಿ ಬೀದಿಗೆ ನುಗ್ಗಿದವು. ದರ ಬಿತ್ತು. ಸಣ್ಣಮ್ಮನಿಗೆ ಬೀಜದ ಖರ್ಚು, ಗಾಡಿ ಬಾಡಿಗೆ ಕಳೆದು ಉಳಿದದ್ದು ಬಹಳ ಕಡಿಮೆ. ಸಂಜೆ ಮಾವ ರೈಲಿಗೆ ಹೊರಟಾಗ ನಿಲ್ದಾಣದ ದಾರಿಯಲ್ಲಿ ಆಕೆ ಎದುರಾದರು. ಗಾಡಿ ಖಾಲಿಯಾಗಿತ್ತು. ಮಗಳು ಹಿಂದೆ ಕೂತಿದ್ದಳು.

"ಇಳುಸ್ಬ್ಯಾಡಿ ಅಂದ್ರಿ ಮೇಷ್ಟ್ರೇ. ಗಾಡಿ ಎಲ್ಲಿಗೆ ಒಡೀಲಿ ಅಂತ ಯೋಳ್ನಿಲ್ಲ," ಎಂದರು. ಸಿಟ್ಟಿನ ದನಿಯಲ್ಲ. ಮಾವ ಕೈ ಮುಗಿದರು. ನಾನು ಅವರ ಚೀಲ ಹಿಡಿದು ನಿಲ್ದಾಣದ ತನಕ ಜೊತೆಗೆ ನಡೆದೆ.

ಸಂಘ ಆ ತಿಂಗಳೇ ಮುಚ್ಚಿತು. ನಾನು ನಾಲ್ಕು ಸಾಲಿನ ಸುದ್ದಿ ಬರೆದೆ. ದೀಪಾವಳಿಗೆ ಮುಂಚೆ ಬೊಂಬಾಯಿಯಿಂದ ಹಿಂದಿನ ವರ್ಷದ ಹಣದ ಬಹುಪಾಲು ಬಂತು. ಹಂಚಿಕೆಯಾಗಿ ಸದಸ್ಯರಿಗೆ ಸೇರಿತು. ಅದಕ್ಕೂ ನಾಲ್ಕು ಸಾಲು ಬರೆದೆ. ಸಂಘವಿರಲಿಲ್ಲ. ಆ ವರ್ಷದ ಮಾಲು ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸುದ್ದಿಯಲ್ಲಿ ಜಾಗವಿಲ್ಲ. ಹಳೆಯ ಹಣ ಬಂದದ್ದು ಮಾಲು ನಿಂತದ್ದಕ್ಕೋ, ನಿಲ್ಲದಿದ್ದರೂ ಬರುತ್ತಿತ್ತೋ, ಇಂದಿಗೂ ನನಗೆ ಗೊತ್ತಿಲ್ಲ. ವಿಚಾರಿಸದೆ ಬಿಟ್ಟವನಲ್ಲ ನಾನು. ಅಧ್ಯಕ್ಷರನ್ನು ಕೇಳಿದೆ, ಮಂಡಿಯವರನ್ನು ಕೇಳಿದೆ. ಒಬ್ಬೊಬ್ಬರದು ಒಂದೊಂದು ಉತ್ತರ.

ಹಣ ಬಂದ ವಾರ ರಂಗಸ್ವಾಮಿ ಹೊಳೆನರಸೀಪುರಕ್ಕೆ ಹೋಗಿ ಮಾವನ ಮನೆ ಬಾಗಿಲು ತಟ್ಟಿದನಂತೆ. ಇದನ್ನು ಹೇಳಿದ್ದು ಅತ್ತೆ. "ಬಂತು ಸಾ," ಎಂದಷ್ಟೇ ಅಂದ. ಮಾವ ಒಳಗೆ ಕರೆದು ಕೂರಿಸಿದರು. ಅತ್ತೆ ಕಾಫಿ ಕೊಟ್ಟರು. ಇಬ್ಬರೂ ಕುಡಿದರು. ಅವನು ಹೊರಟ. ಮುಂದೆ ಚನ್ನರಾಯಪಟ್ಟಣದ ಒಂದು ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾದ. ನಮ್ಮ ಮನೆಯ ಊಟದ ಹೊತ್ತಿನಲ್ಲಿ ಅವನ ಹೆಸರು ಮತ್ತೆ ಬರಲಿಲ್ಲ. ಮಾವ ಶನಿವಾರದ ಪಾಠವನ್ನು ನಿಲ್ಲಿಸಲಿಲ್ಲ. ಬೋರ್ಡಿನ ಮೇಲೆ ಅದೇ ಮಾತುಗಳನ್ನು ಬರೆದರು. ಆದರೆ ಹುಡುಗರು ಅರ್ಥ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡರು: "ಇದನ್ನ ಯಾರು ಹೇಳ್ತಿದ್ದಾರೆ? ಯಾರಿಗೆ?" ಪರೀಕ್ಷೆಗೆ ಆ ಪ್ರಶ್ನೆ ಬರುವುದಿಲ್ಲವೆಂದು ಹುಡುಗರು ಗೊಣಗಿದರು. ಬರುತ್ತಲೂ ಇರಲಿಲ್ಲ.

೧೯೬೯ರ ಜುಲೈನ ಆ ಲೇಖನಕ್ಕೆ ಹಿಂತಿರುಗುತ್ತೇನೆ. ಮೂರನೆಯ ಪ್ಯಾರಾವನ್ನು ನಾನು ಅನುವಾದಿಸಲಿಲ್ಲ. ಉಳಿದ ಪ್ಯಾರಾಗಳಲ್ಲಿ ಲೇಖಕನಿಗೆ ಖಚಿತವಾಗಿ ಗೊತ್ತಿದ್ದಷ್ಟನ್ನು ಮಾತ್ರ ಬರೆದು ಮೊಳೆ ಜೋಡಿಸುವವರ ಕೈಗೆ ಕೊಟ್ಟೆ. ಸಂಪಾದಕರು ಏಕೆ ಚಿಕ್ಕದಾಯಿತು ಎಂದು ಕೇಳಿದರು. ಜಾಗ ಸಾಲದು ಎಂದೆ.

ಮರುವಾರ ದುದ್ದಕ್ಕೆ ಹೋದೆ. ಅಲ್ಲಿ ಹೊಸದಾಗಿ ಆಲೂಗೆಡ್ಡೆ ಬೆಳೆಗಾರರ ಸಂಘ ಕಟ್ಟುತ್ತಿದ್ದಾರೆಂಬ ಸುದ್ದಿಯಿತ್ತು. ಕಟ್ಟುತ್ತಿದ್ದವನು ರಂಗಸ್ವಾಮಿ. ತಲೆಯ ಮುಂಭಾಗದ ಕೂದಲು ಹೋಗಿದೆ. ಈ ಸಲ ವರದಿ, ಲೆಕ್ಕ ಎಲ್ಲವೂ ಕನ್ನಡದಲ್ಲೇ ಎಂದ. ಮಾವನ ಆರೋಗ್ಯ ವಿಚಾರಿಸಿದ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ, ಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದೆ. ಅವನು ತಲೆಯಾಡಿಸಿದ. ಅಲ್ಲಿಂದ ಸಣ್ಣಮ್ಮನ ಹೊಲಕ್ಕೆ ನಡೆದೆ. ಜಮೀನು ಉಳಿದಿದೆ. ಅಂದಿನ ಮರುವರ್ಷ ಆಕೆ ಆಲೂಗೆಡ್ಡೆ ಬಿಟ್ಟು ರಾಗಿ ಹಾಕಿದ್ದರಂತೆ, ಬೀಜಕ್ಕೆ ಹಣ ಸಾಲದೆ. ಆಲೂಗೆಡ್ಡೆಗೆ ಮರಳಲು ನಾಲ್ಕು ವರ್ಷ ಹಿಡಿಯಿತಂತೆ. ಈಗ ಮಗಳು, ಅಳಿಯ ಜೊತೆಗಿದ್ದಾರೆ. ಗೆಡ್ಡೆ ಬಲಿಯುತ್ತಿತ್ತು.

"ಹೊಸ ಸಂಘಕ್ಕೆ ಸೇರುತ್ತೀರಾ?" ಎಂದು ಕೇಳಿದೆ.

"ತಿರುಳು ಯೋಳಾಕೆ ಮೇಷ್ಟ್ರು ಬತ್ತಾರಾ?"

"ಇಲ್ಲ. ಈಗ ಎಲ್ಲಾ ಕನ್ನಡದಲ್ಲೇ ಓದುತ್ತಾರೆ."

"ಓದೋದ್ನ ಕೇಳ್ನಿಲ್ಲ ಕಣಪ್ಪ," ಎಂದರು. "ಮೇಷ್ಟ್ರು ಬತ್ತಾರಾ ಅಂದೆ."

ಸೆಪ್ಟೆಂಬರಿನಲ್ಲಿ ಹೊಸ ಸಂಘದ ಗೋದಾಮು ತೆರೆಯಿತು. ರಂಗಸ್ವಾಮಿ ವರದಿ ಓದಿದ. ಓದು ಮುಗಿದ ಮೇಲೂ ತಿರುಳಿಗೆ ಕಾದವರಂತೆ ಸ್ವಲ್ಪ ಹೊತ್ತು ಯಾರೂ ಹಗ್ಗ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದರು. ಸಣ್ಣಮ್ಮನ ಆಲೂಗೆಡ್ಡೆ ಅದೇ ವಾರ ನೇರವಾಗಿ ಹಾಸನದ ಮಂಡಿಗೆ ಹೋಯಿತು.