ಇಬ್ಬರ ನಡುವೆ ಒಬ್ಬ ಸಾಹೇಬ

ಜಗಳ ಬಿಡಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಮಾನ್ವಿಯ ನಮ್ಮ ಓಣಿಯಲ್ಲಿ ನಳದ ನೀರಿಗೆ ಜಗಳ ಬಿದ್ದರೂ, ಯಾರದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡರೂ ನಡುವೆ ನುಗ್ಗಿ ಕುಳಿತುಬಿಡುತ್ತಿದ್ದೆ. ದೇವದುರ್ಗ ತಾಲೂಕಿನ ಒಂದು ಸಣ್ಣ ವಿದ್ಯುತ್ ಶಾಖೆಗೆ ಅಧಿಕಾರಿಯಾಗಿ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ನನ್ನ ಹೆಂಡತಿ ಮಾತ್ರ, "ಕರೀಲಾರದ ಹೋಗಿ ನಿಂದರ್ತೀರಿ. ಜಗಳಾಡೋರು ಸುಮ್ಮನಾದ್ರೂ ನೀವು ಸುಮ್ಮನಾಗಂಗಿಲ್ಲ" ಎನ್ನುತ್ತಿದ್ದಳು. ಇವಳಿಗೇನು ಗೊತ್ತು ಆಫೀಸಿನ ಕಷ್ಟ ಎಂದುಕೊಂಡು ನಾನು ಷೂ ಹಾಕಿಕೊಂಡು ಹೊರಡುತ್ತಿದ್ದೆ.

ನಮ್ಮ ಶಾಖೆಯಲ್ಲಿ ಇಬ್ಬರು ಲೈನ್‌ಮನ್‌ಗಳಿದ್ದರು. ಹಿರಿಯರು ನೀರಮಾನ್ವಿ ಕಡೆಯವರು. ನಿವೃತ್ತಿ ಹತ್ತಿರವಾಗಿತ್ತು, ಮಂಡಿನೋವಿನಿಂದ ಕಂಬ ಹತ್ತುವುದನ್ನು ಬಿಟ್ಟಿದ್ದರು. ಕಿರಿಯವನು ಗಬ್ಬೂರಿನವನು, ಕಂಬ ಕಂಡರೆ ಸಾಕು ಸರಸರ ಏರಿಬಿಡುತ್ತಿದ್ದ. ಇವರದು ಜೋಡಿ ಕೆಲಸ. ಹಿರಿಯರು ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಸ್ವಿಚ್ಚಿನ ಹಿಡಿಕೆ ಎಳೆದು ಕರೆಂಟ್ ತೆಗೆಯಬೇಕು. ಕಿರಿಯವನು ದೂರದ ಹೊಲದಲ್ಲಿ ಕಂಬ ಹತ್ತಿ, ತಂತಿ ಸರಿಮಾಡಿ, ಕೆಳಗಿಳಿದು, "ಕಾಕಾ, ಇಳದೀನಿ, ಹಾಕು" ಎಂದು ಫೋನ್ ಮಾಡಬೇಕು. ಆ ಮಾತು ಅವನ ಬಾಯಿಂದಲೇ ಬರಬೇಕು, ಆಮೇಲೇ ಕರೆಂಟ್ ಹಾಕಬೇಕು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಕಾಕಾನ ಬುತ್ತಿಯ ಅರ್ಧ ರೊಟ್ಟಿ ಈ ಹುಡುಗನ ಹೊಟ್ಟೆಗೇ ಹೋಗುತ್ತಿತ್ತು.

ಕೆಡಿಸಿದ್ದು ಒಂದು ಶಾಲು. ಮಳೆಗಾಳಿಗೆ ಮಸರಕಲ್ ಕಡೆ ಕಂಬಗಳು ಉರುಳಿ ಬಿದ್ದಾಗ ಇಬ್ಬರೂ ಊಟ ನಿದ್ದೆ ಬಿಟ್ಟು ದುಡಿದಿದ್ದರು. ರೈತರು ಖುಷಿಯಾಗಿ ಸನ್ಮಾನ ಇಟ್ಟುಕೊಂಡರು. ಹಿರಿಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ವೇದಿಕೆಗೆ ಕರೆದು ಶಾಲು ಹೊದಿಸಿದ್ದು ಕಿರಿಯವನಿಗೆ ಮಾತ್ರ. ಪಾಪ, ಜನರ ಕಣ್ಣಿಗೆ ಕಂಡದ್ದು ಕಂಬದ ಮೇಲಿದ್ದವನೇ. ಆ ಮಂಗ್ಯಾ ಮೈಕ್ ಹಿಡಿದು ಊರವರಿಗೆಲ್ಲ ವಂದನೆ ಹೇಳಿದ, ಏನೂ ಮಾಡದ ನನಗೂ ಹೇಳಿದ, ಕಾಕಾನನ್ನು ಮರೆತ. ಮರುದಿನದಿಂದ ಹಿರಿಯರು ಅವನ ಜೊತೆ ಮಾತು ಬಿಟ್ಟರು.

ಇಬ್ಬರನ್ನೂ ಕೂರಿಸಿ ಚಹಾ ತರಿಸಿ ದೊಡ್ಡ ಭಾಷಣ ಬಿಗಿದೆ. ಹಿರಿಯರು ಗೋಡೆ ನೋಡುತ್ತಾ, "ಮಾತಾಡಾದೇನದರೀ ಸಾಹೇಬ್ರ? ಅಂವ ದೊಡ್ಡಾಂವ ಆಗ್ಯಾನ" ಎಂದರು. ಹುಡುಗ, "ನಾ ಏನ್ ತಪ್ಪು ಮಾಡೀನಿ, ಅದನ್ನರ ಹೇಳ್ಲಿ" ಎಂದ. ಕಾಕಾನ ಹೆಸರು ಹೇಳೋದು ಮರೆತೆಯಲ್ಲೋ ಎಂದು ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ, "ಆತು ಬಿಡ್ರಿ, ಇಬ್ರೂ ನನಗ ಹೇಳ್ರಿ. ನಾ ಇವಂದು ಅವರಿಗೆ, ಅವರದು ಇವಗ ಮುಟ್ಟಸ್ತೀನಿ" ಎಂದೆ. ಕರೆಂಟ್ ತೆಗೆಯುವ ಮಾತು, ಹಾಕುವ ಮಾತು ಎಲ್ಲ ನನ್ನ ಫೋನಿನ ಮೂಲಕ ಓಡಾಡತೊಡಗಿದವು. ಆಫೀಸಿನಲ್ಲಿ ಗಲಾಟೆ ನಿಂತಿತು, ನಾನು ಬೇರೆ ಶಾಖೆಯವರ ಮುಂದೆ ಮೀಸೆ ತಿರುವಿದೆ. ನಿಜ ಹೇಳಬೇಕೆಂದರೆ ಅದು ನನಗೆ ರುಚಿಸಿತ್ತು. ಇಬ್ಬರೂ ನನಗೇ ಫೋನ್ ಮಾಡುತ್ತಿದ್ದರು, ಒಬ್ಬರ ಮೇಲೊಬ್ಬರು ನನ್ನ ಬಳಿಯೇ ಚಾಡಿ ಹೇಳುತ್ತಿದ್ದರು. ಅವರು ಒಂದಾಗಲಿ ಎಂಬ ಅವಸರ ನನಗಿರಲಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಂದು ದಿನ ರಾಯಚೂರಿನಲ್ಲಿ ನನಗೆ ಮೀಟಿಂಗ್ ಇತ್ತು. ಇವರಿಬ್ಬರೂ ಒಂದು ತೊಗರಿ ಹೊಲದ ಲೈನಿನ ಕೆಲಸಕ್ಕೆ ಹೋಗಿದ್ದರು. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತ ಹಿರಿಯರಿಗೆ ಹುಡುಗ ಕಾಣುತ್ತಿರಲಿಲ್ಲ, ನಡುವೆ ಕಾಲುವೆಯ ಏರಿ ಅಡ್ಡವಿತ್ತು. ಹುಡುಗ ನನಗೆ ಫೋನ್ ಮಾಡಿ, "ಸರ, ಕೆಲಸ ಆತು, ಕೆಳಗ ಇಳದೀನಿ" ಎಂದ. ಅಷ್ಟರಲ್ಲಿ ಮೇಲಿನ ಸಾಹೇಬರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳತೊಡಗಿದರು. ಮತ್ತೆ ಹುಡುಗನ ಫೋನ್ ಬಂತು. ಎಲ್ಲರೂ ನನ್ನತ್ತ ನೋಡಿದರು, ನಾನು ಕಟ್ ಮಾಡಿದೆ.

ಹೊರಗೆ ಬಂದವನೇ ಹಿರಿಯರಿಗೆ ಫೋನ್ ಹಚ್ಚಿದೆ. "ಕರೆಂಟ್ ಹಾಕ್ರಿ."

"ಅಂವ ಇಳಿದಾನೇನ್ರಿ?"

"ಇಳಿದಾನ್ರೀ, ನನಗ ಹೇಳ್ಯಾನ. ಲಗೂನ ಹಾಕ್ರಿ, ರೈತರು ತಲಿ ತಿನ್ನಾಕತ್ತಾರ!"

ಹುಡುಗ ಎರಡನೇ ಸಲ ಯಾಕೆ ಫೋನ್ ಮಾಡಿದ್ದ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ಮಿರ್ಚಿ ಭಜಿ ತೆಗೆದುಕೊಂಡೆ. ಬಾಯಲ್ಲಿ ತುತ್ತು ಇರುವಾಗ ಹಿರಿಯರ ಫೋನ್ ಬಂತು.

"ಸಾಹೇಬ್ರ, ಅಂವ ಮ್ಯಾಲ ಅದಾನರೀ."

"ಯಾರು?"

"ನಮ್ಮ ಹುಡುಗ. ಮುಂದಿನ ಕಂಬದಾಗೂ ತಂತಿ ಸಡ್ಲ ಆಗಿತ್ತಂತ. ಅದನ್ನ ಹಿಡ್ಕೊಂಡು ಕುಂತಾನ."

"ಕರೆಂಟ್... ಹಾಕಿದ್ರೇನು?"

"ಇಲ್ಲರೀ. ಕೈ ಹಿಡಿಕಿ ಮ್ಯಾಲ ಇತ್ತು. ಯಾಕೋ ಮನಸ ಒಪ್ಪಲಿಲ್ಲ. ಇರ್ಲಿ ತಗೀ ಅಂತ ನಾನ ಅವಗ ಫೋನ್ ಹಚ್ಚಿದೆ. 'ಎಲ್ಲದೀಲೇ?' ಅಂದೆ. 'ಮ್ಯಾಲ ಅದೀನಿ ಕಾಕಾ' ಅಂದ."

ಮಿರ್ಚಿ ಉಗುಳಿ ಗಾಡಿ ಹತ್ತಿದೆ. ದಾರಿಯಲ್ಲಿ ಗಬ್ಬೂರು ಬಂತು. ಆ ಹುಡುಗ ಹಿಂದಿನ ವಾರವಷ್ಟೇ ಮಗಳ ಜವಳಕ್ಕೆ ಕರೆದಿದ್ದ, ನಾನು ಅವನ ಮನೆಯಲ್ಲಿ ಹೋಳಿಗೆ ಉಂಡು ಬಂದಿದ್ದೆ. ಆ ಓಣಿಯ ತಿರುವಿನ ಕಡೆ ತಲೆ ಎತ್ತಿ ನೋಡಲು ಆಗಲಿಲ್ಲ. ಥೂ ನಿನ್ನ, ಇಬ್ಬರ ಮಾತನ್ನು ನುಂಗಿ ದೊಡ್ಡವನಾಗಲು ಹೋಗಿದ್ದೆಯಲ್ಲೋ ಎಂದು ನನಗೆ ನಾನೇ ಬೈದುಕೊಂಡೆ.

ಹೋಗಿ ನೋಡಿದರೆ ಇಬ್ಬರೂ ಬೇವಿನ ಮರದ ಕೆಳಗೆ ಕುಳಿತು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ರೊಟ್ಟಿಯನ್ನು ಹುಡುಗನೇ ಮುರಿದು ಕಾಕಾನ ಕೈಗೆ ಕೊಡುತ್ತಿದ್ದ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬರ್ರಿ ಸರ, ಊಟ ಮಾಡಬರ್ರಿ" ಎಂದು ಹುಡುಗ ಸರಿದು ಜಾಗ ಮಾಡಿದ. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ಮತ್ತ ಕಂಬ ಏರಾಕತ್ತೀನಿ ಅಂತ ಹೇಳಾಕ ನಾ ಇನ್ನೊಂದ್ಸಲ ಹಚ್ಚಿದ್ದೆ ಸರ, ಕಟ್ ಆತು. ನಿಮಗಲ್ಲಿ ನೆಟ್‌ವರ್ಕ್ ಇರಲಿಲ್ಲ ಕಾಣ್ತದ, ಹೌದಿಲ್ರೀ?" ಎಂದ.

ನನ್ನ ಮರ್ಯಾದೆ ಉಳಿಸಲು ಅವನೇ ನೆಪ ಹುಡುಕಿ ಕೊಡುತ್ತಿದ್ದ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನೆಟ್‌ವರ್ಕ್ ಇತ್ತಪ್ಪ. ನಾನ ಕಟ್ ಮಾಡಿದೆ."

ಹಿರಿಯರು ಕೈ ತೊಳೆದುಕೊಂಡು, ಟವೆಲಿನಲ್ಲಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ಸಾಹೇಬ್ರ, ನಾಳೆ ಮತ್ತ ನಾವು ಜಗಳಾಡಿದ್ರೂ ಆಡಬಹುದು. ಬೈದಾಡಿದ್ರೂ, ಬಡಿದಾಡಿದ್ರೂ ಮಾತು ನಾವ ಆಡ್ತೀವಿ. ನೀವು ಮಾತ್ರ ನಡುವ ಬರಬ್ಯಾಡ್ರಿ. ಕೈ ಮುಗೀತೀನಿ."

ಹೇಳಿದ್ದಷ್ಟೇ ಅಲ್ಲ, ನನಗಿಂತ ಅಷ್ಟು ದೊಡ್ಡವರು ನಿಜವಾಗಿಯೂ ಕೈ ಮುಗಿದರು.