ಬಸುವಿನ ಹೊಟ್ಟೆಯ ಗಡ್ಡೆ

ನೀಲಾ, ಬಸುವಿನ ಹೊಟ್ಟೆಯಲ್ಲಿದ್ದ ಗಡ್ಡೆ ನಿನಗಿಂತ ಮೊದಲು ನನ್ನ ಕೈಗೆ ಸಿಕ್ಕಿತ್ತು. ನಾನು ಹೇಳಲಿಲ್ಲ.

ನೀನು ಮೈದುನನ ಹೆಂಡತಿ, ಆದರೆ ಜಹೀರಾಬಾದಿನ ಆ ಹಳೆಯ ಮನೆಯಲ್ಲಿ ನನಗೆ ತಂಗಿಯೇ ಆಗಿದ್ದೆ. ಅಲ್ಲಿನ ಬಚ್ಚಲು ಈಗಲೂ ಕಣ್ಣಿಗೆ ಕಟ್ಟುತ್ತದೆ — ತಾಂಡೂರು ಕಲ್ಲಿನ ನೆಲ, ಹಂಡೆಯ ಬಿಸಿನೀರು, ಮೂರು ವರ್ಷದ ನಿನ್ನ ಮಗ ಬಸು. ಸೋಪು ಕಣ್ಣಿಗೆ ಹೋದರೆ ನಿನ್ನ ಹತ್ತಿರ ಅಳುತ್ತಿದ್ದ, ನನ್ನ ಹತ್ತಿರ ನಗುತ್ತಿದ್ದ. ಇದನ್ನೇ ಹೇಳಿ ನಿನ್ನನ್ನು ಎಷ್ಟು ಕಾಡಿಸಿದ್ದೇನೆ! ಹೆರದ ನನಗೆ ಅಂಥ ಬೆಳಗುಗಳು ಮತ್ತೆ ಬರಲಿಲ್ಲ.

ಶ್ರಾವಣದ ಒಂದು ಮುಂಜಾನೆ ಅವನ ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಏನೋ ತಾಗಿತು. ಮುಟ್ಟಿದರೆ ನೋವಿಲ್ಲ, ಕಚಗುಳಿಯೆಂದು ನಕ್ಕ. ಉಂಡ ಹೊಟ್ಟೆ ಎಂದುಕೊಂಡೆ — ಇಲ್ಲ, ಹಾಗೆಂದುಕೊಳ್ಳಲು ಹೆಣಗಿದೆ. ಅವನಿನ್ನೂ ಏನೂ ತಿಂದಿರಲಿಲ್ಲ.

ನಿನಗೆ ಹೇಳಲು ಅಡುಗೆಮನೆಯ ತನಕ ಬಂದೆ. ಆದರೆ ನಾರಾಯಣಖೇಡದ ತೊಟ್ಟಿಲ ಕಾರ್ಯ ನೆನಪಾಯಿತು. ನಾನು ಎತ್ತಿಕೊಂಡ ಕೂಸಿಗೆ ಜ್ವರ ಬಂದಾಗ ಒಬ್ಬಾಕೆ ಎಲ್ಲರೆದುರು ಅಂದಿದ್ದಳು: "ಬಂಜಿ ಕೈ ಹತ್ಯದ ಕೂಸಿಗಿ." ಬಂಜೆಯಾದ ನನ್ನ ಕೈ ತಾಗಿದ್ದರಿಂದಲೇ ಜ್ವರವಂತೆ. ಈಗ ಬಸುವನ್ನೂ ನನ್ನಿಂದ ದೂರ ಇಟ್ಟರೆ — ಅದೊಂದೇ ಭಯ. ಮಗುವಿನ ಬಗ್ಗೆ ಅಲ್ಲ, ನನ್ನ ಬಗ್ಗೆ.

ಗಣೇಶ ಚೌತಿಯ ಹೊತ್ತಿಗೆ ಅವನ ಮೂತ್ರ ಕೆಂಪಗಾದದ್ದನ್ನು ನೀನು ಕಂಡೆ. ಹೈದರಾಬಾದಿನ ಡಾಕ್ಟರು ಮೂತ್ರಪಿಂಡದ ಕ್ಯಾನ್ಸರ್ ಎಂದರು. ಎಳೆಮಕ್ಕಳಿಗೂ ಬರುತ್ತದಂತೆ, ಯಾರ ತಪ್ಪಿನಿಂದಲೂ ಅಲ್ಲವಂತೆ. ನೋವಿಲ್ಲದೆ ಬೆಳೆಯುವುದರಿಂದ ಎಷ್ಟೋ ಸಲ ಸ್ನಾನ ಮಾಡಿಸುವವರಿಗೇ ಮೊದಲು ಗೊತ್ತಾಗುತ್ತದಂತೆ. ನಿನ್ನ ಗಂಡ ನನ್ನತ್ತ ತಿರುಗಿದ. ನೀನು ಥಟ್ಟನೆ ಅಂದೆ: "ಅಕ್ಕನ ಮಾರಿ ಯಾಕ ನೋಡ್ತೀರಿ? ಆಕಿಗಿ ತಿಳದಿದ್ರ ಅವತ್ತೇ ಹೇಳ್ತಿದ್ಳು."

ಆಗಲಾದರೂ ಬಾಯಿ ಬಿಡಬೇಕಿತ್ತು...

ಕಾಯಿಲೆ ಶ್ವಾಸಕೋಶಕ್ಕೂ ಹಬ್ಬಿತ್ತು. ಒಂದು ಮೂತ್ರಪಿಂಡ ತೆಗೆದರು, ಔಷಧಿ ಬಹಳ ಕಾಲ ನಡೆಯಿತು. ಕೂದಲುದುರಿದ ಮಗುವನ್ನು ತಬ್ಬಿಕೊಂಡು "ನಾನರೆ ನೋಡಬೇಕಿತ್ತು" ಎಂದು ನೀನು ಅತ್ತಾಗ ನಿನ್ನ ಬೆನ್ನು ಸವರಿದವಳು ನಾನೇ. ಬೇಗ ಹೇಳಿದ್ದರೆ ಅಷ್ಟು ಸಂಕಟ ತಪ್ಪುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯವೂ ನನಗಿರಲಿಲ್ಲ.

ಬಸು ಉಳಿದ. ನಾಡಿದ್ದು ಅವನ ಮದುವೆ. ಮಕ್ಕಳಿಲ್ಲದವಳ ಕೈಯಲ್ಲಿ ಮೊದಲ ಅರಿಶಿಣ ಯಾರು ಹಚ್ಚಿಸುತ್ತಾರೆ? ನೀನು ಮಾತ್ರ, "ನೀನ ಹಚ್ಚಬೇಕು ಅಕ್ಕಾ" ಎಂದಿದ್ದೀಯ. ಅದಕ್ಕೂ ಮೊದಲು ನಿನ್ನನ್ನು ಒಳಗೆ ಕರೆದು ಇದಿಷ್ಟನ್ನೂ ಹೇಳುತ್ತೇನೆ. ಆಮೇಲೆ ಅರಿಶಿಣದ ಬಟ್ಟಲನ್ನು ನೀನು ನನಗೆ ಕೊಡದಿದ್ದರೆ, ಏಕೆಂದು ಕೇಳುವುದಿಲ್ಲ.